ಹಿಯರ್‌ಬೈ ಆಂಟಿ

ವಕೀಲರ ಕಚೇರಿಯಲ್ಲಿ ಕರಾರುಪತ್ರ ಟೈಪ್ ಮಾಡುತ್ತಲೇ ಅವಳ ತಲೆ ನರೆತಿತ್ತು. ಇಂಗ್ಲಿಷ್ ಕಲಿತದ್ದೂ ಅಲ್ಲೇ: ಕೆಲಸದ ಹೊತ್ತಿನಲ್ಲಿ ಕರಾರುಗಳಿಂದ, ಊಟದ ಬಿಡುವಿನಲ್ಲಿ ವಕೀಲರ ಕಪಾಟಿನ ಹಳೆಯ ಕಾದಂಬರಿಗಳಿಂದ. ವಕೀಲರು ತೀರಿಕೊಂಡು ಕಚೇರಿಗೆ ಬೀಗ ಬಿದ್ದಮೇಲೆ, ಮನೆಮನೆಗೆ ಸಾಮಾನು ತಲುಪಿಸುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರಿಗೆ ಚಾಟ್‌ನಲ್ಲಿ ಉತ್ತರ ಬರೆಯುವ ಕೆಲಸ ಸಿಕ್ಕಿತು.

ಮೊದಲ ದಿನವೇ, ಯಾರದೋ ಒಡೆದ ಲೋಟಕ್ಕೆ ‘ವಿ ಹಿಯರ್‌ಬೈ ಎಕ್ಸ್‌ಪ್ರೆಸ್ ಅವರ್ ಪ್ರೊಫೌಂಡ್ ರಿಗ್ರೆಟ್’ ಎಂದು ಬರೆದಳು. ಮೇಲ್ವಿಚಾರಕ ತಲೆ ಕೆರೆದುಕೊಂಡ.

“ಮೇಡಂ, ಒಂದು ಲೋಟಕ್ಕೆ ಇಷ್ಟೊಂದು ಶೋಕಾಚರಣೆ ಬೇಡ. ‘ಊಪ್ಸ್, ಸಾರಿ!’ ಅನ್ನಿ, ಸಾಕು.”

ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ಹಿಯರ್‌ಬೈ ಆಂಟಿ. ಜೊತೆಗೆ ಕೆಲಸ ಮಾಡುವ ಹುಡುಗರು ಕೆಟ್ಟವರೇನಲ್ಲ, ಆದರೆ ಅವಳು ಹತ್ತಿರ ಬಂದರೆ ಹರಟೆ ತಣ್ಣಗಾಗುತ್ತಿತ್ತು. ಅವಳೂ ಕಲಿತಳು. ‘ಚಿಲ್ಡ್ರನ್’ ಹೋಗಿ ‘ಕಿಡ್ಸ್’ ಬಂದರು, ‘ಪರ್ಚೇಸ್’ ಹೋಗಿ ‘ಬೈ’ ಬಂತು, ಕೊನೆಗೊಂದು ‘ಚಿಯರ್ಸ್’ ಅಂಟಿಕೊಂಡಿತು. ಬರೆದದ್ದನ್ನು ಓದಿಕೊಂಡರೆ ಯಾರದೋ ಅಂಗಿ ತೊಟ್ಟಂತೆ ಕಸಿವಿಸಿ. ಹೇಳಿಕೊಂಡು ನಗೋಣವೆಂದರೆ ಬಾಡಿಗೆ ಕೋಣೆಯಲ್ಲಿ ಕೇಳುವವರಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಕುರ್ಚಿಯ ಹುಡುಗಿ ಕಿಸಕ್ಕನೆ ನಕ್ಕಳು.

“ಆಂಟಿ, ಇಲ್ನೋಡಿ, ನಿಮ್ಮ ಕಡೆಯವರು ಯಾರೋ ಬಂದಿದಾರೆ!”

ಕೆಟಲ್ ಇನ್ನೂ ಬಂದಿಲ್ಲವೆಂದು ಮುದುಕರೊಬ್ಬರ ದೂರು: ‘ಐ ಆಮ್ ಬಿರೆಫ್ಟ್ ಆಫ್ ಮೈ ಮಾರ್ನಿಂಗ್ ಟೀ.’ ಹುಡುಗಿ ಆ ಚಾಟ್ ಅನ್ನು ಅವಳಿಗೇ ದಾಟಿಸಿದಳು. ಅವಳು ಕಾದಂಬರಿಯ ಇಂಗ್ಲಿಷ್‌ನಲ್ಲೇ ಸಮಾಧಾನ ಹೇಳಿ, ಕೆಟಲ್ ನಾಳೆ ಬರುತ್ತದೆಂದು ತಿಳಿಸಿದಳು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಇಂಥ ಮಾತುಗಳೆಂದರೆ ತಮ್ಮ ಹೆಂಡತಿಗೆ ಬಹಳ ಇಷ್ಟವಿತ್ತು, ‘ಈವ್ನಿಂಗ್’ ಅನ್ನುವ ಕಡೆ ‘ಟ್ವೈಲೈಟ್’ ಅನ್ನುತ್ತಿದ್ದಳು, ಈಗ ಮನೆಯಲ್ಲಿ ಹಾಗೆಂದರೆ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ ಎಂದು ಬರೆದರು. ಅವಳ ಬೆರಳುಗಳು ಯಾವ ಅಳುಕೂ ಇಲ್ಲದೆ ಓಡಿದವು. ಅಷ್ಟರಲ್ಲಿ, ದೂರು ಬಗೆಹರಿದಿದೆ, ಮುಗಿಸಿ ಎಂಬ ಸೂಚನೆ ಪರದೆಯ ಮೇಲೆ ಮಿನುಗಿತು.

‘ನಾಳೆಯೂ ನೀವಿರುತ್ತೀರಾ?’ ಎಂದು ಅವರು ಕೇಳಿದರು. ಉತ್ತರ ಟೈಪ್ ಮಾಡುವುದರೊಳಗೆ ಚಾಟ್ ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ಪ್ರತಿ ಹೊಸ ಚಾಟ್ ತೆರೆದಾಗಲೂ ಅವಳು ಮೊದಲ ಸಾಲನ್ನು ಆಸೆಯಿಂದ ಓದುತ್ತಿದ್ದಳು. ಎಲ್ಲ ‘ಹಾಯ್’ಗಳೇ. ಒಮ್ಮೆ ಜ್ವರವೆಂದು ರಜೆ ಹಾಕಿ ಮರಳಿದ ದಿನ ಪಕ್ಕದ ಕುರ್ಚಿಯ ಹುಡುಗಿ ಹೇಳಿದಳು:

“ನಿನ್ನೆ ಆ ಕೆಟಲ್ ತಾತ ಬಂದಿದ್ರು ಆಂಟಿ. ನಿಮ್ಮನ್ನ ಕೇಳಿದ್ರು.”

“ನೀನೇನಂದೆ?”

“‘ಶಿ ಈಸ್ ಆಫ್ ಟುಡೇ, ಚಿಯರ್ಸ್’ ಅಂತ ಹಾಕಿ ಮುಗಿಸ್ದೆ. ಯಾಕೆ, ತಪ್ಪಾಯ್ತಾ?”

“ಇಲ್ಲಮ್ಮ. ಸರಿಯಾಗೇ ಬರೆದಿದೀಯ.”

ಅವಳ ಮುಖ ನೋಡಿ ಹುಡುಗಿಗೆ ಏನನ್ನಿಸಿತೋ, ಊಟದ ಹೊತ್ತಿಗೆ ಡಬ್ಬಿ ಹಿಡಿದು ಎದುರಿಗೇ ಬಂದು ಕೂತಳು.

“ಬಿರೆಫ್ಟ್ ಅಂದ್ರೇನು ಆಂಟಿ? ಸ್ಯಾಡ್ ಅಂತಾನಾ?”

“ಸ್ಯಾಡ್ ಯಾರು ಬೇಕಾದ್ರೂ ಆಗಬಹುದು. ಬಿರೆಫ್ಟ್ ಆಗಬೇಕಂದ್ರೆ ಮೊದಲು ಏನಾದ್ರೂ ನಮ್ಮದು ಅಂತ ಇದ್ದು, ಕೈಬಿಟ್ಟು ಹೋಗಿರಬೇಕು.”

ಹುಡುಗಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನ್ ಬಂತು. “ಒಂದ್ನಿಮಿಷ ಆಂಟಿ,” ಎಂದು ಎದ್ದು ಹೊರಗೆ ಹೋದಳು. ಅವಳ ನಗು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಕಾದು, ಆಂಟಿ ಒಬ್ಬಳೇ ಊಟ ಶುರುಮಾಡಿದಳು.