ದಿನಾ ಇಲ್ಲೇ ಕುಂದರತೇನ್ರಿ

ಒಂದು ಗಳಿಗೆ ಇತ್ತ ಕಿವಿ ಕೊಡಿ, ಬೇರೆ ಮಾತು ಆಮೇಲೆ. ಇದನ್ನು ಪೂರ್ತಿ ಕೇಳಲೇಬೇಕು.

"ಏ ಮೈಲಿ, ದೂರ ಸರಿ! ಹೋಟೆಲ್ ಕಟ್ಟಿಗೆ ನಿನ್ನ ಸೀರಿ ಬಡಿಯಾಕತ್ತೈತಿ. ಕಣ್ಣಾಗ ಖಾರ ಬಿದ್ದೈತೇನ ಬೋಸುಡಿ?"

ಸಾವಿರದ ಒಂಬೈನೂರ ಎಂಬತ್ತೇಳರ ಮಾತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಎದುರು ಬಾಳಕೃಷ್ಣನ ಚಹಾದ ಹೋಟೆಲ್ಲು. ಬೈದವನು ಅವನೇ. ಮೈಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಬೆಳಗಿನಿಂದ ಅಣ್ಣಾಜಿಯ ಅಡತಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಕಾಯಿಯ ತೊಟ್ಟು ಮುರಿದು ಮುರಿದು ಅವಳ ಬೆರಳು ಉರಿಯುತ್ತಿದ್ದವು, ಗಂಟಲು ಉರಿಯುತ್ತಿತ್ತು. ಗೋಡೆಯ ಸಂದಿನಿಂದ ಹಿಡಿಕೆ ಮುರಿದ ಕಪ್ಪು ತೆಗೆದಳು. ಹೊಲಗೇರಿಯವರಿಗೆಂದೇ ಹೊರಗೆ ಇಟ್ಟ ಕಪ್ಪು. ತೊಳೆದು ನೆಲಕ್ಕಿಟ್ಟು ದೂರ ನಿಂತಳು.

ಬಾಳಕೃಷ್ಣ ಇನ್ನೂ ಚಹಾ ಸುರಿದಿರಲಿಲ್ಲ, ಭಜಿ ಕರಿಯುವ ವಿರೂಪಾಕ್ಷ ಬೀದಿಯಿಂದ ಓಡಿ ಬಂದ.

"ಅಣ್ಣಾರ, ಹಾವೇರಿ ಸಾಹೇಬ್ರ ಜೀಪ್ ಬಂತ್ರಿ! ಹೋಟೆಲ್ ಹೋಟೆಲ್ ಹೊಕ್ಕ ನೋಡಾಕತ್ಯಾರ. ಕೇರ್ಯಾಗಿನವ್ರನ್ನ ಹೊರಗ ನಿಂದರಿಸಿದ್ರ ಕೇಸಂತ, ಜೇಲಂತ!"

ಬಾಳಕೃಷ್ಣ ಆ ಕಪ್ಪನ್ನು ಕಾಲಿನಿಂದ ಗಟಾರಕ್ಕೆ ಒದ್ದ.

"ಮೈಲವ್ವಾ... ಬಾರವ್ವಾ ಒಳಗ. ಬಾ, ಕುಂದ್ರು."

ಅವಳು ಅಲ್ಲಿಗೆ ಚಹಾಕ್ಕೆ ಬರತೊಡಗಿದ ಹದಿನೈದು ವರ್ಷದಲ್ಲಿ ಅವನ ಬಾಯಿಂದ ಅವ್ವ ಎಂಬ ಮಾತು ಬಂದದ್ದು ಅದೇ ಮೊದಲು.

"ನಾ ಒಲ್ಲೆರಿ ಧಣಿ."

"ಕುಂದ್ರಂದ್ರ ಕುಂದ್ರು! ಸಾಹೇಬ್ರು ಕೇಳಿದ್ರ, ದಿನಾ ಇಲ್ಲೇ ಕುಂದರತೇನ್ರಿ ಅನ್ನು. ಬ್ಯಾರೆ ಮಾತ ಬಂತೋ, ಅಣ್ಣಾಜಿ ನಮ್ಮಕ್ಕನ ಗಂಡ ಅದಾನ, ನೆನಪಿರ್ಲಿ. ನಾಳಿಂದ ಯಾವ ಅಡತ್ಯಾಗೂ ನಿನಗ ಕೆಲಸಿಲ್ಲ. ಮಣ್ಣ ತಿನ್ನಬೇಕ ನೀನು, ನಿನ್ನ ಮಕ್ಕಳು."

ಮೈಲವ್ವ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಕೂತಳು. ಎದುರು ಬೆಂಚಿನಲ್ಲಿ ಇಬ್ಬರು ದಲಾಲರು, ಒಬ್ಬರು ಸಾಲಿ ಮಾಸ್ತರರು. ಮುಂದೆ ಕಪ್ಪಿನಲ್ಲಿ ಚಹಾ ಬಂತು, ಕೆಳಗೆ ಬಸಿಯ ಸಮೇತ.

ಸಾಹೇಬರು ಬಂದರು. ಹಿಂದೆ ಗುಮಾಸ್ತ, ಫೋಟೋದವನು.

"ಏನಮ್ಮಾ, ನಿನ್ನ ಒಳಗ ಕೂಡಸ್ತಾರ?"

ಸಾಹೇಬರ ಬೆನ್ನ ಹಿಂದಿನಿಂದ ಬಾಳಕೃಷ್ಣ ಕಣ್ಣು ಬಿಟ್ಟ.

"ಹೂನ್ರಿ. ದಿನಾ ಇಲ್ಲೇ ಕುಂದರತೇನ್ರಿ."

"ಹೌದೇನ್ರಿ ಮಾಸ್ತರ?"

"ಖರೇ ಐತ್ರಿ ಸಾಹೇಬ್ರ. ನಮ್ಮ ಮಗ್ಗಲಕ್ಕ ಕುಂದರತಾಳ," ಎಂದರು ಮಾಸ್ತರರು, ಬಸಿಯಲ್ಲಿನ ಚಹಾ ಊದುತ್ತ.

ಗುಮಾಸ್ತ ಬರೆದ, ಗಟ್ಟಿಯಾಗಿ ಓದಿದ, ಮೈಲವ್ವನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡ. ಫೋಟೋ ಆಯಿತು. ಜೀಪು ಹೋಯಿತು.

"ಏಳ ರಂಡಿ ಮ್ಯಾಲ! ಸಗಣಿ ತಂದು ಬೆಂಚ್ ತಿಕ್ಕು."

ದಲಾಲರು ನಕ್ಕರು. "ಫೋಟೋ ಹೊಡಸ್ಕೊಂಡಳಪಾ ಮಹಾರಾಣಿ! ಇನ್ನ ಪಲ್ಲಕ್ಕಿ ತರಸ್ರಿ."

ಮೈಲವ್ವ ಏಳಲು ಬೆಂಚಿಗೆ ಕೈ ಊರಿದಳು. ಹೆಬ್ಬೆರಳ ಮಸಿ ಇನ್ನೂ ಹಸಿಯಾಗಿತ್ತು. ಅದನ್ನೇ ನೋಡಿದಳು. ಆಮೇಲೆ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಪೂರ್ತಿ ಕೂತಳು.

"ಏಳಂದ್ನೆಲ್ಲ!"

"ಯಾಕ ಏಳ್ಲಿ? ದಿನಾ ಕುಂದರತೇನಿ ಅಂತ ನೀನ ಹೇಳಿಸೀದಿ. ಸರಕಾರದವರು ಬರಕೊಂಡ ಹೋಗ್ಯಾರ. ಇವತ್ತ ಕುಂತೇನಿ, ನಾಳೆ ಬರತೇನಿ, ನಾಡದ ಬರತೇನಿ. ಇನ್ನೊಂದ ಚಾ ತಾ."

"ಅಣ್ಣಾಜಿಗೆ ಹೇಳ್ಲ್ಯಾ?"

"ಹೇಳ ಹೋಗು. ನಿಮ್ಮಪ್ಪಗೂ ಹೇಳು."

ಬಾಳಕೃಷ್ಣ ಒಲೆಯ ಮೇಲಿನ ಚಹಾದ ಕಿಟ್ಲಿ ಎತ್ತಿಕೊಂಡು ಬಂದ.

"ಚಾ ಬೇಕಲ್ಲಾ ನಿನಗ? ತಗೋ."

ಬೆಂಚಿನ ಅಂಚು ಹಿಡಿದಿದ್ದ ಅವಳ ಕೈಮೇಲೆ ಕುದಿಯುವ ಚಹಾ ಸುರಿದ. ಅವಸರವಿಲ್ಲದೆ, ಗಿರಾಕಿಗೆ ಸುರಿಯುವ ಹಾಗೆ.

ಮೈಲವ್ವ ಚೀರಿದಳು. ಪೇಟೆಯ ತುದಿಗೂ ಕೇಳಿಸಿತು. ಚರ್ಮ ಕೆಂಪಾಯಿತು, ಬಿಳುಪಾಯಿತು, ಬೊಬ್ಬೆ ಎದ್ದಿತು. ಆ ಕೈ ಮಾತ್ರ ಬೆಂಚು ಬಿಡಲಿಲ್ಲ.

ಚಹಾ ನೆಲದ ಮೇಲೆ ಹರಿಯುತ್ತ ಎದುರು ಬೆಂಚಿನ ಕಡೆ ಬಂತು. ಅವಳನ್ನು ಮುಟ್ಟಿ ಬಂದ ಚಹಾ. ದಲಾಲರು ಕಾಲು ಎತ್ತಿದರು. ಮಾಸ್ತರರು ಧೋತರ ಹಿಡಿದುಕೊಂಡು ಎರಡೂ ಕಾಲು ಬೆಂಚಿನ ಮೇಲೆ ಮಡಚಿಟ್ಟುಕೊಂಡರು.

ಬಾಳಕೃಷ್ಣ ಕಿಟ್ಲಿಗೆ ಮತ್ತೆ ನೀರು ತುಂಬಿ ಒಲೆಯ ಮೇಲಿಟ್ಟ.

"ವಿರೂಪಾಕ್ಷ, ಬೆಂಕಿ ಮುಂದ ಮಾಡ. ಕುದೀಲಿ. ಎಷ್ಟೊತ್ತ ಕುಂದರತಾಳ ನೋಡೂಣು."

ಆ ಎದುರು ಬೆಂಚಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ನೀವಿದ್ದಿರಿ ಅನ್ನಿ. ನೀರು ಇನ್ನೂ ಕುದಿ ಬಂದಿಲ್ಲ. ನೀವೇನು ಮಾಡುತ್ತಿದ್ದಿರಿ?