ಲಟಕಣ್ಣನ ಕುತ್ತಿಗೆ

"ಬೆರಳು ಜೋಮು ಹಿಡಿದ್ರೆ ಕುತ್ತಿಗೆಗೆ ಸೂಜಿನಾ ಡಾಕ್ಟ್ರೇ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು!"

ಮೇಜಿನ ಮೇಲೆ ಬೋರಲು ಮಲಗಿದ್ದ ಲಟಕಣ್ಣ ಕೇಳಿದ.

"ಬೆರಳಿನ ನರ ಹೊರಡೋದೇ ಕುತ್ತಿಗೆಯಿಂದ. ಅಲ್ಲಿ ಮೂಳೆ ಮಧ್ಯೆ ಅದುಮಿಕೊಂಡು ಊದಿದೆ. ಊತ ಇಳೀಲಿ ಅಂತ ಈ ಔಷಧಿ," ಎಂದರು ಡಾಕ್ಟರು. ಪಕ್ಕದ ಪರದೆಯ ಮೇಲೆ ಅವನದೇ ಮೂಳೆಗಳು ಕಾಣುತ್ತಿವೆಯಂತೆ. ನೋಡುವ ಆಸೆಗೆ ತಲೆ ಎತ್ತಹೋದ.

"ಅಲ್ಲಾಡ್ಬೇಡಿ!"

ಮೂವತ್ತು ವರ್ಷ ತಾನು ಗಿರಾಕಿಗಳಿಗೆ ಹೇಳಿದ ಮಾತು ತಿರುಗಿ ತನಗೇ ಬಂತಲ್ಲ ಅಂತ ಅವನಿಗೆ ನಗು ಬಂತು. ನಗುವ ಹೊತ್ತೇನೂ ಅಲ್ಲ. ಕ್ಷೌರದ ಅಂಗಡಿಯವನಿಗೆ ಬಲಗೈಯ ಹೆಬ್ಬೆರಳು, ತೋರುಬೆರಳೇ ಮರಗಟ್ಟಿದರೆ ಇನ್ನೇನು ಉಳಿಯಿತು? ತಿಂಗಳ ಹಿಂದೆ ಕತ್ತಿ ಜಾರಿ ಖಾಯಂ ಗಿರಾಕಿ ಮೇಷ್ಟ್ರ ಕಿವಿ ಕೊಯ್ದಿತ್ತು. "ಪರವಾಗಿಲ್ಲ ಬಿಡಯ್ಯ" ಅಂದು ಹೋದವರು ಮತ್ತೆ ಬಂದಿರಲಿಲ್ಲ. ಇವನೂ ಕತ್ತಿ ಮುಟ್ಟಿರಲಿಲ್ಲ.

ಸೂಜಿಯಾದ ಮೇಲೆ ವಾರಕ್ಕೆ ಮೂರು ದಿನ ವ್ಯಾಯಾಮ. ಹೇಳಿಕೊಡುವ ಹುಡುಗಿ ವಯಸ್ಸಿನಲ್ಲಿ ಮಗಳ ಹಾಗೆ, ಗದರುವುದರಲ್ಲಿ ಅಜ್ಜಿ. "ಗದ್ದ ಒಳಗೆ ಎಳ್ಕೊಳ್ಳಿ ಅಂಕಲ್. ಹತ್ತು ಎಣಿಸಿ." ಎಲ್ಲದಕ್ಕೂ ಅವನು ಯಾಕೆ, ಏನು ಅಂತ ಅವಳ ತಲೆ ತಿನ್ನುತ್ತಿದ್ದ. ಒಂದು ದಿನ ಅವಳೇ ಕೇಳಿದಳು, "ನಿಮ್ಗೆ ಲಟಕಣ್ಣ ಅಂತ ಯಾಕೆ ಹೆಸರು?"

ಅವನ ಎದೆ ಉಬ್ಬಿತು. "ಕಟಿಂಗ್ ಆದ್ಮೇಲೆ ಗಿರಾಕಿ ಕತ್ತು ಹಿಡಿದು ಆ ಕಡೆ ಲಟಕ್, ಈ ಕಡೆ ಲಟಕ್. ಅದಕ್ಕೇ ಜನ ನನ್ನ ಹತ್ರ ಬರೋದು. ಅಂಗಡಿ ಮುಚ್ಚೋವಾಗ ನನ್ನದೂ ನಾನೇ ತಿರುವ್ಕೋತೀನಿ."

ಹುಡುಗಿ ಹೌಹಾರಿದಳು. "ಅಯ್ಯಯ್ಯೋ! ಅದ್ರೊಳಗೆ ನರ ಇದೆ ಅಂಕಲ್, ಮೆದುಳಿಗೆ ರಕ್ತ ಹೋಗೋ ದಾರಿ ಇದೆ. ನಿಮ್ದೂ ಬೇಡ, ಇನ್ನೊಬ್ಬರದೂ ಬೇಡ."

"ಅದೂ ಇಲ್ಲ ಅಂದ್ರೆ ಅಂಗಡಿಗೆ ಯಾರಮ್ಮ ಬರ್ತಾರೆ?" ಅವನಿಗೆ ಸಿಟ್ಟೇ ಬಂತು.

ಆರನೇ ವಾರ ಮೇಷ್ಟ್ರು ಅಂಗಡಿಗೆ ಬಂದರು. ಏನೂ ಆಗಿಲ್ಲವೆಂಬಂತೆ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು. ಲಟಕಣ್ಣ ಕತ್ತಿಗೆ ಹೊಸ ಬ್ಲೇಡು ಹಾಕಿದ. ನೊರೆ ಹಚ್ಚಿದ, ಕತ್ತಿ ಹಿಡಿದ. ಬೆರಳು ಮಾತು ಕೇಳಿತು. ಕಿವಿಯ ಹತ್ತಿರ ಬಂದಾಗ ಮಾತ್ರ ಇಬ್ಬರೂ ಉಸಿರು ಬಿಗಿಹಿಡಿದರು. ಒಂದು ಗೀರೂ ಬೀಳಲಿಲ್ಲ.

ಮುಖ ಒರೆಸಿದ ಮೇಲೆ ಮೇಷ್ಟ್ರು ಕಣ್ಣು ಮುಚ್ಚಿ ಕತ್ತು ಸಡಿಲ ಬಿಟ್ಟರು. "ಹ್ಞೂಂ, ಆಗ್ಲಿ. ಇದಕ್ಕೇ ಕಾಯ್ತಿದ್ದೆ."

ಅಭ್ಯಾಸಬಲ, ಅವನ ಎರಡೂ ಕೈ ಅವರ ದವಡೆಯ ಕೆಳಗೆ ಹೋದವು. ಬಲ ಹೆಬ್ಬೆರಳಿಗೆ ಮೇಷ್ಟ್ರ ನಾಡಿ ಸಿಕ್ಕಿತು. ಟಕ್, ಟಕ್. ಇಷ್ಟು ದಿನ ಬಿಸಿ, ತಂಪು ತಿಳಿಯದಿದ್ದ ಬೆರಳು! ಎಷ್ಟು ತೆಳು ಚರ್ಮದ ಕೆಳಗೆ ಹೊಡೆದುಕೊಳ್ಳುತ್ತಿದೆ ಇದು. ಅವನು ಹಾಗೇ ನಿಂತ.

"ಯಾಕಯ್ಯಾ?"

ಲಟಕಣ್ಣ ಮೆಲ್ಲಗೆ ಕೈ ತೆಗೆದ. "ಗದ್ದ ಒಳಗೆ ಎಳ್ಕೊಳ್ಳಿ ಮೇಷ್ಟ್ರೇ. ಹತ್ತು ಎಣಿಸಿ."

ಕನ್ನಡಿಯಲ್ಲಿ ಎರಡು ಗದ್ದ ಒಟ್ಟಿಗೆ ಒಳಗೆ ಹೋದವು. ಮೇಷ್ಟ್ರು ಒಂದರಿಂದ ಶುರು ಮಾಡಿದರು.