ಹೊರಗೆ ಹೋಗಿದ್ದಾಳೆ, ಬರ್ತಾಳೆ

ಎಲ್ಲಾ ಶುರುವಾಗಿದ್ದು ಮೂಗಿನಿಂದ. ಕಟ್ಟುಹಲ್ಲಿನ ಸೆಟ್ಟು ಮಾಡೋದು ಅವಳ ಕೆಲಸ. ಡಾಕ್ಟರುಗಳು ಯಾರದೋ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಗಾರೆ ಹುಯ್ದು ದವಡೆ ಎಬ್ಬಿಸಬೇಕು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಬೇಕು, ಕೊನೆಗೆ ಗುಲಾಬಿ ಪುಡಿಗೆ ನೀರಿನಂಥ ಒಂದು ದ್ರಾವಣ ಬೆರೆಸಿ ಒಸಡು ಮಾಡಬೇಕು. ಬೀದಿಯವರು ಅವಳನ್ನ ಹಲ್ಲಿನವಳು ಅಂತಲೇ ಕರೀತಿದ್ದರು. ಅವಳ ಸ್ವಂತ ಮುಂದಿನ ಹಲ್ಲು ಎರಡೂ ಜಾಗಕ್ಕೆ ಜಗಳವಾಡಿ ಒಂದರ ಮೇಲೊಂದು ಹತ್ತಿ ಕೂತಿದ್ದವು, ಅದು ಬೇರೆ ಮಾತು. ಆ ದ್ರಾವಣದ ವಾಸನೆಗೆ ಎಷ್ಟೋ ವರ್ಷದಿಂದ ಒಗ್ಗಿಹೋಗಿದ್ದವಳಿಗೆ ಬಸುರಿಯಾದ ಮೇಲೆ ಬಾಟಲಿ ಮುಚ್ಚಳ ತೆಗೆದರೆ ಸಾಕು, ಹೊಟ್ಟೆ ತೊಳಸಿ ಬರೋದು. ಡಾಕ್ಟರಮ್ಮ ಮುಖ ಗಂಟಿಕ್ಕಿಕೊಂಡು, ಅದು ಬರೀ ವಾಸನೆ ಅಲ್ಲ ಕಣಮ್ಮ, ಮಗೂಗೂ ಒಳ್ಳೇದಲ್ಲ, ಆದಷ್ಟು ಬೇಗ ಅದರಿಂದ ದೂರ ಇರು ಅಂದರು.

ದೂರ ಇರು ಅಂತ ಹೇಳೋದು ಸುಲಭ. ಗಂಡ ಆಗಲೇ ದೂರ ಇದ್ದ, ಇನ್ನೊಂದು ದೇಶದಲ್ಲಿ. ರಜೆ ಹಾಕಿ ಇವಳೇ ಹೋಗಿ ಬರ್ತಿದ್ದಳು. ಲಿಫ್ಟ್ ರಿಪೇರಿ ಅವನ ಕಸುಬು. ಅವನನ್ನ ಇಲ್ಲಿಗೆ ಕರೆಸಿಕೊಳ್ಳೋಕೆ ಅವಳೇ ಜಾಮೀನು ನಿಂತಿದ್ದಳು. ನನ್ನ ಸಂಬಳದಲ್ಲಿ ಇವನನ್ನ ಸಾಕ್ತೀನಿ, ಸರ್ಕಾರದ ಮೇಲೆ ಭಾರ ಹಾಕಲ್ಲ ಅಂತ ಬರೆದುಕೊಟ್ಟು ಸಹಿ ಹಾಕಿದ್ದಳು. ಅಲ್ಲಾ, ಇಬ್ಬರು ಎತ್ತೋ ಮೋಟಾರನ್ನ ಒಬ್ಬನೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತೋ ಗಂಡಸು ಭಾರವಂತೆ! ಇರಲಿ, ಬರೆದದ್ದೂ ಆಗಿತ್ತು, ಫೈಲು ಕೊನೇ ಮೇಜಿಗೆ ಬಂದದ್ದೂ ಆಗಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಹೆರಿಗೆ ಹೊತ್ತಿಗೆ ಅವನು ಪಕ್ಕದಲ್ಲಿರಬೇಕು. ತಾಯಿ ತೀರಿಹೋಗಿ ವರ್ಷಗಳಾಗಿದ್ದವು, ಅಕ್ಕತಂಗಿ ಅಂತ ಯಾರೂ ಇರಲಿಲ್ಲ. ಒಬ್ಬಳೇ ಹೆರೋದು ಅಂದರೆ ಅವಳಿಗೆ ಎದೆ ಝಲ್ ಅನ್ನೋದು.

ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ದ್ರಾವಣವೂ ಇಲ್ಲ ಧೂಳೂ ಇಲ್ಲ, ಗಾಜಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಮೇಲೆ ಹಲ್ಲು ಬಿಡಿಸೋದು. ಸಂಬಳ ಹಳೇದಕ್ಕಿಂತ ಒಂದು ಎಳೆ ಹೆಚ್ಚೇ. ಕೇಳಿದಳು, ಸಿಕ್ಕಿತು. ಹಳೇ ಲ್ಯಾಬು ಅಂದರೆ ಎರಡು ಕೋಣೆ. ಮುಂದಿನದರಲ್ಲಿ ಫೋನು, ಬಿಲ್ಲು, ಮತ್ತೆ ದೊಡ್ಡಮ್ಮ. ದೊಡ್ಡಮ್ಮ ಯಾರಿಗೂ ದೊಡ್ಡಮ್ಮ ಅಲ್ಲ. ಲ್ಯಾಬಿನ ಯಜಮಾನರ ಹೆಂಡತಿ. ಅವರು ಹೋದ ಮೇಲೆ ತಾನೇ ನಡೆಸಿಕೊಂಡು ಬಂದವರು. ಹೊರಡೋ ದಿನ ದೊಡ್ಡಮ್ಮ ಕಣ್ಣೊರೆಸಿಕೊಂಡು, ನಿನ್ನ ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಿಸಲ್ಲ ಅಂದರು.

ಜಾಮೀನು ನಿಂತವರ ಕೆಲಸ ಬದಲಾದರೆ ವೀಸಾ ಇಲಾಖೆಗೆ ತಿಳಿಸಬೇಕು ಅಂತ ನಿಯಮ. ಗಂಡ ಫೋನಿನಲ್ಲಿ, ಸುಮ್ಮನಿದ್ದದ್ದನ್ನ ಯಾಕೆ ಕೆದಕ್ತೀಯಾ, ಫೈಲು ತಾನಾಗೇ ಸಾಗ್ತಿದೆ ಅಂದ. ಇವಳು ಕೇಳಲಿಲ್ಲ. ನಾಳೆ ಗೊತ್ತಾದರೆ ಮುಚ್ಚಿಟ್ಟ ಹಾಗಾಗುತ್ತೆ, ನಮ್ಮ ಕಡೆಯಿಂದ ತಪ್ಪಿರಬಾರದು ಅಂತ ಹೊಸ ಆಸ್ಪತ್ರೆಯ ಪತ್ರ, ಸಂಬಳದ ಚೀಟಿ ಎಲ್ಲಾ ಜೋಡಿಸಿಕೊಂಡು ತಾನೇ ಹೋದಳು. ಹಲ್ಲು ಜೋಡಿಸೋ ಕೈ, ಒಂದು ಹಾಳೆ ಆಚೀಚೆ ಆಗಿರಲಿಲ್ಲ.

ಕೌಂಟರಿನಾಕೆ ಒಳ್ಳೇ ಹೆಂಗಸು. ಎಲ್ಲಾ ನೋಡಿ ಸರಿಯಿದೆ ಅಂದಳು. ಆಮೇಲೆ ಇವಳ ಹೊಟ್ಟೆ ಕಡೆ ಒಂದು ಸಲ ನೋಡಿ, ಧ್ವನಿ ತಗ್ಗಿಸಿ, "ಹೆರಿಗೆಗೆ ಮುಂಚೆ ತೀರ್ಮಾನ ಆಗಿಬಿಟ್ರೆ ಒಳ್ಳೇದು. ಈಗ ನಿಮ್ದು ಇಬ್ಬರ ಲೆಕ್ಕ. ಮಗು ಬಂದ್ರೆ ಮೂವರು. ನಿಮ್ಮ ಸಂಬಳ ಇಬ್ಬರಿಗೆ ಸಾಕು, ಮೂವರಿಗೆ ಸಾಲಲ್ಲ," ಅಂದಳು.

ಸಾಲದಿದ್ದರೆ ಏನಾಗುತ್ತೆ ಅಂತ ಕೇಳಿದಳು. ಈ ಅರ್ಜಿ ಬಿದ್ದುಹೋಗುತ್ತೆ, ಸಂಬಳ ಹೆಚ್ಚಾದ ಮೇಲೆ ಮೊದಲಿಂದ ಹಾಕಬೇಕು ಅಂದಳು ಆಕೆ. ಮೊದಲಿಂದ ಅಂದರೆ ವರ್ಷಗಳು. ಹೊಟ್ಟೆಯಲ್ಲಿರೋ ತನಕ ಅನ್ನ ಕೇಳದ ಕೂಸು ಹೊರಗೆ ಬಂದ ಗಳಿಗೆಯಿಂದ ಅಪ್ಪನ ದಾರಿಗೇ ಅಡ್ಡ ನಿಲ್ಲುತ್ತೆ ಅಂತ ಲೆಕ್ಕ ಹಾಕಿದ ಮಹಾನುಭಾವ ಯಾರೋ! ಅವನ ಹಲ್ಲಿನ ಸೆಟ್ಟು ಇವಳ ಕೈಗೆ ಸಿಗಬೇಕಿತ್ತು. ಆದರೂ ಹೆರಿಗೆಗೆ ಇನ್ನೂ ಸಮಯವಿತ್ತು, ಕಾಗದ ಸರಿಯಿತ್ತು. ಅವಳು ಧೈರ್ಯವಾಗೇ ಮನೆಗೆ ಬಂದಳು.

ಸೊಂಟ ಹಿಡಿದುಕೊಂಡು ಎದ್ದು ಕೂರೋಷ್ಟು ದಿನ ತುಂಬಿದ ಹೊತ್ತಿಗೆ ಇಲಾಖೆಯಿಂದ ಉತ್ತರ ಬಂತು. ತಾವು ಸಲ್ಲಿಸಿದ ಮಾಹಿತಿಗೂ ವಿಚಾರಣೆಯಲ್ಲಿ ತಿಳಿದುಬಂದ ಮಾಹಿತಿಗೂ ತಾಳೆಯಾಗುತ್ತಿಲ್ಲ, ಆದಕಾರಣ ತೀರ್ಮಾನವನ್ನು ತಡೆಹಿಡಿಯಲಾಗಿದೆ ಅಂತ. ಅವಳಿಗೆ ತಲೆ ಬುಡ ಅರ್ಥ ಆಗಲಿಲ್ಲ. ಬಿದ್ದಂಬೀಳ ಕೌಂಟರಿಗೆ ಓಡಿದಳು. ಕೌಂಟರಿನಾಕೆ ಆಚೀಚೆ ನೋಡಿ ಕಂಪ್ಯೂಟರಿನ ಪರದೆ ಇವಳ ಕಡೆ ತಿರುಗಿಸಿದಳು. ಅಧಿಕಾರಿಯೊಬ್ಬರು ಹಳೇ ಲ್ಯಾಬಿಗೆ ಫೋನ್ ಮಾಡಿ, ಇವರು ಇದ್ದಾರೆಯೇ ಎಂದು ಕೇಳಿದ್ದರು. ಸಿಕ್ಕ ಉತ್ತರವನ್ನ ಹಾಗೇ ಬರೆದುಕೊಂಡಿದ್ದರು. ಹೊರಗೆ ಹೋಗಿದ್ದಾಳೆ, ಬರ್ತಾಳೆ.

ಹಾಗಾದರೆ ಈಕೆ ಹಳೇ ಕಡೆಯೇ ಕೆಲಸದಲ್ಲಿದ್ದಾಳೆ, ಹೊಸ ಆಸ್ಪತ್ರೆಯ ಪತ್ರ ಸುಳ್ಳಿರಬಹುದು, ಅಂತ ಅದರ ಕೆಳಗೆ ಷರಾ.

ಅವಳಿಗೆ ರಕ್ತ ಕುದಿಯಿತು. ಅಲ್ಲಿಂದ ನೆಟ್ಟಗೆ ಹಳೇ ಲ್ಯಾಬಿಗೆ ಹೋದಳು. ದೊಡ್ಡಮ್ಮ ಇವಳನ್ನ ಕಂಡು ಸಂಭ್ರಮದಿಂದ ಎದ್ದವರು, ಮುಖ ನೋಡಿ ಹಾಗೇ ಕೂತರು. ಇವಳು ನಿಂತಲ್ಲೇ ಕೇಳಿದಳು, ಯಾಕೆ ಹಾಗೆ ಹೇಳಿದ್ರಿ, ನನ್ನ ಮೇಲೆ ಯಾವ ಹಗೆ ಅಂತ.

ದೊಡ್ಡಮ್ಮನಿಗೆ ಮೊದಲು ನೆನಪೇ ಆಗಲಿಲ್ಲ. ಆಮೇಲೆ ನೆನಪಾಯಿತು. ಯಾರೋ ಗಂಡಸು, ಹೆಸರು ಹೇಳಿ, ಇದ್ದಾರಾ ಅಂತ ಕೇಳಿದ್ದ. ಯಾವನೋ ಸಾಲಿಗನೋ ಇನ್ಶೂರೆನ್ಸಿನವನೋ ಅಂದುಕೊಂಡಿದ್ದರು.

"ಇದ್ದಾಳಾ ಅಂತ ಕೇಳಿದ ಕಣೇ. ತುಂಬಿದ ಬಸುರಿ ನೀನು. ನಿನ್ನನ್ನ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅಂದರು ದೊಡ್ಡಮ್ಮ.

ಅಷ್ಟೇ. ನಮ್ಮವರ ನಾಲಿಗೆಯೇ ಹಾಗೆ. ಬಾಗಿಲು ದಾಟುವಾಗ ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತೀವಿ. ಬದುಕಿರೋರನ್ನ ಇಲ್ಲ ಅಂದುಬಿಟ್ಟರೆ ನಮಗೇ ನಾಲಿಗೆ ಕಚ್ಚಿಕೊಳ್ಳೋ ಹಾಗಾಗುತ್ತೆ. ಅದರಲ್ಲೂ ದೊಡ್ಡಮ್ಮ. ಯಜಮಾನರು ಹೋದ ಹೊಸದರಲ್ಲಿ ದಿನಾ ಫೋನು ಬರೋದು, ಸಾಹೇಬರು ಇದ್ದಾರಾ ಅಂತ. ಗಾರೆ ಮಾರೋನಿಗೆ ಇಲ್ಲ, ಡಾಕ್ಟರಿಗೆ ಇಲ್ಲ, ಕರೆಂಟಿನವನಿಗೆ ಇಲ್ಲ. ಹೇಳಿ ಹೇಳಿ ಆ ಮಾತಿಗೇ ಅವರ ಬಾಯಿ ಹೆದರಿಬಿಟ್ಟಿತ್ತು. ಹಲ್ಲಿನವಳು ಆಗ ಹಿಂದಿನ ಕೋಣೆಯಲ್ಲಿ ಕೂತು ಅದನ್ನೆಲ್ಲ ಕಿವಿಯಾರೆ ಕೇಳಿಸಿಕೊಂಡಿದ್ದಳು. ಈಗ ಬೈಯೋಕೆ ಅಂತ ಬಂದವಳಿಗೆ ಬೈಗುಳವೇ ಹೊರಡಲಿಲ್ಲ. ಇಬ್ಬರೂ ಕೂತು ಅತ್ತರು, ಇನ್ನೇನು ಮಾಡ್ತಾರೆ.

ದೊಡ್ಡಮ್ಮ ಸುಮ್ಮನೆ ಕೂರೋ ಪೈಕಿ ಅಲ್ಲ. ಆವತ್ತೇ ಕಾಗದ ತೆಗೆದು, ಈಕೆ ನಮ್ಮಲ್ಲಿ ಕೆಲಸ ಬಿಟ್ಟಿರುವುದು ನಿಜ, ನಾನು ಹೇಳಿದ್ದು ನನ್ನ ಬಾಯಿಯ ದೋಷ ಅಂತ ಬರೆದು ಸಹಿ ಹಾಕಿ, ತಾವೇ ಹೋಗಿ ಕೊಟ್ಟು ಬಂದರು. ಇಲಾಖೆಯವರು ತಗೊಂಡರು. ತಗೊಂಡು, ಸರದಿ ಪ್ರಕಾರ ನೋಡ್ತೀವಿ ಅಂದರು. ದೊಡ್ಡಮ್ಮ ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿ, ತಮ್ಮ ಕರೆ ನಮಗೆ ಮುಖ್ಯ ಅನ್ನೋದು. ದೊಡ್ಡಮ್ಮ ಆ ದನಿಗೇ ಒಂದು ಸಲ ಇಡೀ ಕಥೆ ಹೇಳಿ, ನೀನೂ ಹೆಂಗಸೇ ಅಲ್ವೇನಮ್ಮಾ ಅಂತ ಕೇಳಿದ್ದರಂತೆ.

ಗಂಡನಿಗೆ ದಿನಾ ಫೋನಿನಲ್ಲಿ ಅವಳು ಅದನ್ನೇ ಹೇಳೋಳು, ಇನ್ನೇನು ಆಗೋಗುತ್ತೆ, ಗಾಬರಿ ಆಗಬೇಡ ಅಂತ. ಒಂದು ದಿನ ಅವನು ನಕ್ಕ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ತಾನು ಹೊರಗಿನಿಂದ ಕೂಗಿ ಹೇಳೋ ಮಾತೇ ಅದು ಅಂದ. ಸಾಮಾನು ಸಿಗದೆ ಕೈಕಟ್ಟಿ ನಿಂತಾಗಲೂ ಹಾಗೇ ಹೇಳ್ತಾನಂತೆ. ಅವನ ನಗು ಕೇಳಿ ಅವಳಿಗೆ ಅಳು ಬಂತು. ಕೇಳಿಸಬಾರದು ಅಂತ ಫೋನನ್ನ ದಿಂಬಿನ ಕೆಳಗೆ ತುರುಕಿದಳು.

ಮಗು ಮಾತ್ರ ಯಾವ ಸರದಿಗೂ ಕಾಯಲಿಲ್ಲ. ಡಾಕ್ಟರಮ್ಮ ಹೇಳಿದ್ದಕ್ಕಿಂತ ಮೊದಲೇ ನೋವು ಕಾಣಿಸಿಕೊಂಡಿತು. ಅವಳು ಹಲ್ಲು ಕಚ್ಚಿ, ತಡಿ, ಇನ್ನೊಂದಿಷ್ಟು ದಿನ ತಡಿ ಕಂದಾ ಅಂತ ಹೊಟ್ಟೆ ಸವರಿ ಬೇಡಿಕೊಂಡಳು. ಹೆರೋ ಹೆಂಗಸು ಹೆರಿಗೆ ಬೇಡ ಅಂತ ಗೋಗರೆಯೋದನ್ನ ಹೆರಿಗೆ ಕೋಣೆಯ ದಾದಿ ಎಂದೂ ಕಂಡಿರಲಿಲ್ಲ. ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡವರು ದೊಡ್ಡಮ್ಮ. ಹುಟ್ಟಿದ್ದು ಹೆಣ್ಣು, ಗುಂಡುಗುಂಡಾಗಿ, ಒಸಡು ಬಿಟ್ಟುಕೊಂಡು ಅಳೋ ಮಗು. ಗಂಡ ಫೋನಿನಲ್ಲಿ ನೋಡಿದ. ಫೋನನ್ನ ಮುಖಕ್ಕೆ ತೀರಾ ಹತ್ತಿರ ತಂದುಕೊಂಡಿದ್ದರಿಂದ ಅವನ ಹಣೆ ಮಾತ್ರ ಕಾಣಿಸ್ತಿತ್ತು.

ಮಾರನೇ ದಿನ ಬೆಳಿಗ್ಗೆ ದಾದಿ ಬಂದು ಹಾಸಿಗೆ ಸರಿಮಾಡಿ ಹೋದ ಮೇಲೆ ಫೋನು ಹೊಡಕೊಂಡಿತು. ಇಲಾಖೆಯ ಅಧಿಕಾರಿ. ಮೆತ್ತಗಿನ ದನಿಯ ಮನುಷ್ಯ. ಅವಳ ಹಳೇ ಯಜಮಾನಿಯ ಪತ್ರ ಓದಿದೆ ಅಂದರು, ಹೊಸ ಆಸ್ಪತ್ರೆಯಲ್ಲೂ ವಿಚಾರಿಸಿದೆ, ಎಲ್ಲಾ ಸರಿಹೋಯಿತು, ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಂದರು. ಅವಳು ಎದ್ದು ಕೂತಳು. ಹೊಲಿಗೆ ಚುರ್ ಅಂದದ್ದೂ ಗೊತ್ತಾಗಲಿಲ್ಲ.

"ಒಂದೇ ಒಂದು ಕಾಲಂ ತುಂಬಬೇಕು. ನಿಮ್ಮ ಯಜಮಾನರನ್ನ ಬಿಟ್ಟು, ನಿಮ್ಮನ್ನ ನಂಬಿಕೊಂಡಿರೋರು ಮನೇಲಿ ಬೇರೆ ಯಾರಾದ್ರೂ ಇದ್ದಾರಾ? ಇಲ್ಲ ಅಂದ್ರೆ ಇವತ್ತೇ ಸಹಿ ಮಾಡಿ ಕಳಿಸ್ತೀನಿ."

ಫೋನಿನ ದನಿ ದೊಡ್ಡಮ್ಮನಿಗೂ ಕೇಳಿಸಿತು. ಮಗು ಅವರ ತೊಡೆಯ ಮೇಲಿತ್ತು. ಅವರಿಗೆ ಬಾಯಿ ಬರಲಿಲ್ಲ, ಆದರೆ ಕೈ ಬಂತು. ಬೆರಳು ಅಗಲಿಸಿ ಅಂಗೈಯನ್ನ ಬೇಗಬೇಗ ಆಡಿಸಿದರು. ಅನ್ನು, ಅಂದುಬಿಡು. ಆ ಕಣ್ಣಲ್ಲಿ ಎಷ್ಟು ಅವಸರವಿತ್ತು ಅಂದರೆ, ಈ ಪಾಪ ನನ್ನ ತಲೆ ಮೇಲಿರಲಿ ಅಂತ ಕೂಗಿ ಹೇಳಿದ ಹಾಗಿತ್ತು.

ಒಂದು ಮಾತು. ಅಂದುಬಿಟ್ಟರೆ ಅವನು ಬರ್ತಾನೆ. ಮಗಳ ಮೊದಲ ಹಲ್ಲು ನೋಡ್ತಾನೆ, ಮೊದಲ ಹೆಜ್ಜೆ ನೋಡ್ತಾನೆ. ಇಷ್ಟು ದಿನ ನಿಜ ಹೇಳಿ ಏನು ಸಿಕ್ಕಿತು ಅಂತ ಅವಳಿಗೆ ಒಳಗಿಂದ ರೋಷವೂ ಬಂತು. ಬಾಯಿ ತೆರೆದಳು. ತೆರೆದು ಮಗುವಿನ ಕಡೆ ನೋಡಿದಳು. ಅದು ಕಣ್ಣು ಮುಚ್ಚಿಕೊಂಡೇ ತುಟಿ ಚಪ್ಪರಿಸ್ತಿತ್ತು. ಇಷ್ಟು ತಿಂಗಳು ಹೊತ್ತು ನಿನ್ನೆಯಷ್ಟೇ ಹೆತ್ತ ಕೂಸನ್ನ ಎದುರಿಗೇ ಇಟ್ಟುಕೊಂಡು ಆ ಮಾತು ಆಡೋಕೆ ಅವಳ ಕೈಲಿ ಆಗಲಿಲ್ಲ.

"ಇದ್ದಾಳೆ," ಅಂದಳು. "ಮಗಳು."

ದೊಡ್ಡಮ್ಮನ ಕೈ ನಿಂತಿತು. ಆ ಕಡೆ ಕಂಪ್ಯೂಟರಿನ ಕೀಲಿಗಳ ಸದ್ದೂ ನಿಂತು ಮತ್ತೆ ಶುರುವಾಯಿತು, ಈ ಸಲ ನಿಧಾನವಾಗಿ. ಹಾಗಾದರೆ ಮೂರು ಜನ ಆಗ್ತೀರಿ ಅಂದರು ಅಧಿಕಾರಿ. ಅವರಿಗೂ ಸಂಕಟವಾಗಿತ್ತು ಅಂತ ದನಿಯಲ್ಲೇ ಗೊತ್ತಾಗ್ತಿತ್ತು. ಹೊಸ ಅರ್ಜಿಯಲ್ಲಿ ಬೇಕಾಗುತ್ತೆ, ಮಗಳ ಹೆಸರು ಹೇಳಿ ಅಂದರು.

ಇನ್ನೂ ಇಟ್ಟಿಲ್ಲ ಅಂದಳು ಅವಳು. "ಅವರಪ್ಪ ಬಂದು ಇಡ್ತಾರೆ."

"ನೀವೇ ಒಂದು ಇಟ್ಬಿಡಿ, ಅಮ್ಮಾ," ಅಂದರು ಅವರು.